ತಪ್ಪು ಮಾಡದವರಿಗೆ ಯಾವ ನಾಟಕ?

ಜೈಲು ಮತ್ತು ನಾಟಕ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಹುಲುಗಪ್ಪ ಕಟ್ಟೀಮನಿ. ಮೈಸೂರು ರಂಗಾಯಣದ ಈ ನಟ 'ಸಂಕಲ್ಪ' ತಂಡದ ಮೂಲಕ 1990ರ ದಶಕದ ಕೊನೆಯಿಂದ ಕೈದಿಗಳಿಗೆ ಬಣ್ಣ ಹಚ್ಚಿಸಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಮ್ಯಾಕ್‌ಬೆತ್‌ನ ಕಥೆಯನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡದ ನೆಲಕ್ಕೆ ತಂದ 'ಮಾರನಾಯಕ'ವನ್ನು ಜೀವಾವಧಿ ಶಿಕ್ಷೆಯವರೇ ಆಡಿದಾಗ, ರಕ್ತ ಅಂಟಿದ ಕೈಯ ಮಾತು ಬೇರೆಯೇ ಅರ್ಥ ಪಡೆಯಿತು. ಇದು ದೊಡ್ಡ ಕೆಲಸ, ಸಂಶಯವಿಲ್ಲ. ನಮ್ಮ ತಕರಾರು ಅದನ್ನು ಹೊಗಳುವ ರೀತಿಯ ಬಗ್ಗೆ. ಹೊಗಳಿಕೆಯೆಲ್ಲ 'ಮನಪರಿವರ್ತನೆ' ಎಂಬ ಒಂದೇ ಪದದ ಸುತ್ತ ಗಿರಕಿ ಹೊಡೆಯುತ್ತದೆ. ಆತ ಹೇಗೆ ಅಭಿನಯಿಸಿದ ಎಂದು ಕೇಳುವವರಿಗಿಂತ ಎಷ್ಟು ಸುಧಾರಿಸಿದ ಎಂದು ಕೇಳುವವರೇ ಹೆಚ್ಚು.

ಈ ಪದವನ್ನು ಸೊಂಡೆಕೊಪ್ಪಕ್ಕೆ ಒಯ್ದು ನೋಡಿ. ನೆಲಮಂಗಲ ತಾಲ್ಲೂಕಿನ ಆ ಊರಿನಲ್ಲಿ, ಹಿಂದೆ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿದ್ದ ಕಟ್ಟಡ 2020ರಲ್ಲಿ ವಿದೇಶಿಯರ ಬಂಧನ ಕೇಂದ್ರವಾಯಿತು. ಇಂಥ ಕೇಂದ್ರಗಳಲ್ಲಿ ಇರಿಸುವುದು ವೀಸಾ ಮುಗಿದವರನ್ನು, ದಾಖಲೆ ಇಲ್ಲದವರನ್ನು, ಶಿಕ್ಷೆ ಮುಗಿಸಿಯೂ ಸ್ವದೇಶಕ್ಕೆ ಹೋಗಲಾಗದವರನ್ನು. ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಅವರು ಅಲ್ಲಿ ಅನುಭವಿಸುತ್ತಿಲ್ಲ. ಹಾಗಿರುವಾಗ ಯಾವ ಮನಸ್ಸನ್ನು ಪರಿವರ್ತಿಸುವುದು? ಪಶ್ಚಾತ್ತಾಪದ ನಾಟಕವನ್ನು ಅವರಿಂದ ಆಡಿಸಿದರೆ, ಇಲ್ಲದ ಅಪರಾಧವೊಂದನ್ನು ನಾವೇ ಅವರ ತಲೆಗೆ ಕಟ್ಟಿದಂತಾಗುತ್ತದೆ.

ಇನ್ನೊಂದು ತೊಡಕೂ ಇದೆ. ಶಿಕ್ಷೆಯಾದ ಕೈದಿಗೆ ತನ್ನ ಬಿಡುಗಡೆಯ ಅಂದಾಜಾದರೂ ಇರುತ್ತದೆ, ತಿಂಗಳುಗಟ್ಟಲೆ ತಾಲೀಮು ಸಾಧ್ಯ. ಇಲ್ಲಿ ಇಂದು ಇದ್ದವರು ನಾಳೆ ವಿಮಾನ ಹತ್ತಬಹುದು, ವರ್ಷಗಟ್ಟಲೆ ಕೊಳೆಯಲೂಬಹುದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಬ್ರಿಟನ್‌ನಲ್ಲಿ 2005ರಲ್ಲಿ ಹುಟ್ಟಿದ 'ಮ್ಯೂಸಿಕ್ ಇನ್ ಡಿಟೆನ್ಷನ್' ಸಂಸ್ಥೆ ಈ ಇಕ್ಕಟ್ಟಿನಲ್ಲೇ ಕೆಲಸ ಮಾಡಿತು. ಸಂಗೀತಗಾರರು ಒಳಗೆ ಹೋಗಿ ಬಂಧಿತರೊಡನೆ ಕೂತು ಹಾಡು ಕಟ್ಟುವುದು, ಆ ಹಾಡನ್ನು ಹೊರಗಿನ ಜನರಿಗೆ ಮುಟ್ಟಿಸುವುದು. ಬಂಧನಕ್ಕೆ ಕಾಲಮಿತಿಯೇ ಇಲ್ಲದ ದೇಶದಲ್ಲಿ ಇದು ಗಾಯದ ಮೇಲಿನ ಹತ್ತಿಯಷ್ಟೇ ಎಂಬ ಟೀಕೆಯನ್ನು ನಾವು ಒಪ್ಪುತ್ತೇವೆ. ಆದರೆ ಹತ್ತಿಯೂ ಇಲ್ಲದ ನಾಡಿನವರು ಆ ಟೀಕೆ ಮಾಡುವಾಗ ತುಸು ನಾಚಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರಿಗೆ ಇದು ದೂರದ ಮಾತೆನಿಸಬಹುದು. ಕಮ್ಮಟ ಎಂಬ ಪದ ಹೊಸದಿರಬಹುದು, ಕೆಲಸ ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ನಾಟಕ ಕಂಪನಿ ಕಟ್ಟಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಕಲಾವಿದರ ಆಟಕ್ಕೆ ಜನ ಟಿಕೆಟ್ ಕೊಂಡು ಹೋದರು. ಪುಟ್ಟರಾಜ ಗವಾಯಿಗಳು ಕನಿಕರವನ್ನು ಮಾರಲಿಲ್ಲ, ಸಂಗೀತವನ್ನು ಕೇಳಿಸಿದರು. ಇನ್ನು ಮೊಹರಮ್ಮಿನ ಹೆಜ್ಜೆಮೇಳ. ನೀರು ತಡೆಯಲ್ಪಟ್ಟು, ಸುತ್ತುವರಿಯಲ್ಪಟ್ಟ ಜನರ ಕರ್ಬಲಾದ ಕಥೆಯನ್ನು ಹಿಂದೂ ಮುಸ್ಲಿಮರಿಬ್ಬರೂ ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಮೇಳದಲ್ಲಿ ಹೆಜ್ಜೆ ಹಾಕಲು ಹಲಗೆಯ ಬಡಿತ ಸಾಕು, ಗುರುತಿನ ಚೀಟಿ ಬೇಡ. ಭಾಷೆ ಗೊತ್ತಿಲ್ಲದ ಸುಡಾನಿನವನಿಗೂ ಅದು ಸಾಕಾದೀತು.

ನಾಟಕವೇ ಬೇಕೆಂದರೆ ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರ 'ಜೊತೆಗಿರುವನು ಚಂದಿರ' ಇದೆ. ಊರಿನಿಂದ ಹೊರದಬ್ಬಲ್ಪಟ್ಟ ಯಹೂದಿ ಕುಟುಂಬದ 'ಫಿಡ್ಲರ್ ಆನ್ ದ ರೂಫ್' ಅನ್ನು ಅವರು ದೇಶವಿಭಜನೆಯ ಕಾಲದ ಮುಸ್ಲಿಂ ಕುಟುಂಬಕ್ಕೆ ಒಗ್ಗಿಸಿದರು. ಇಲ್ಲಿ ಬೇರು ಕೀಳಿಸಿಕೊಂಡವನು ಯಾರ ಎದುರೂ ತಪ್ಪೊಪ್ಪಿಕೊಳ್ಳಬೇಕಿಲ್ಲ. ಸೊಂಡೆಕೊಪ್ಪದಂಥ ಜಾಗಕ್ಕೆ ಒಪ್ಪುವ ಕೃತಿ ಇದು. ಆದರೆ 2022ರ ಜುಲೈನಲ್ಲಿ ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಇದರ ಪ್ರದರ್ಶನವನ್ನು ಬಜರಂಗದಳದವರು ನಡುವೆಯೇ ನಿಲ್ಲಿಸಿದರು. ಮುಸ್ಲಿಂ ಪಾತ್ರಗಳೇ ಆಕ್ಷೇಪಕ್ಕೆ ಕಾರಣ. ಬಯಲಲ್ಲಿ ಆಡಲು ಬಿಡದ ನಾಟಕ ಗೋಡೆಯೊಳಗೆ ಹೇಗೆ ಹೋದೀತು?

ಎಲ್ಲಕ್ಕಿಂತ ಮೊದಲು ಬರೆಯುವ ಹಕ್ಕು ಒಳಗಿದ್ದವರದೇ. ಆಸ್ಟ್ರೇಲಿಯಾ ಸರಕಾರ ಮಾನುಸ್ ದ್ವೀಪದಲ್ಲಿ ಕೂಡಿಹಾಕಿದ್ದ ಕುರ್ದಿಶ್ ಪತ್ರಕರ್ತ ಬೆಹ್ರೂಜ್ ಬೂಚಾನಿ ಯಾರ ಕಮ್ಮಟಕ್ಕೂ ಕಾಯದೆ, ಮೊಬೈಲಿನ ವಾಟ್ಸಾಪ್ ಸಂದೇಶಗಳಲ್ಲಿ ಫಾರ್ಸಿಯಲ್ಲಿ ಪುಸ್ತಕ ಬರೆದರು. 2019ರಲ್ಲಿ ಅದಕ್ಕೆ ವಿಕ್ಟೋರಿಯಾ ರಾಜ್ಯದ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂತು. ಸೊಂಡೆಕೊಪ್ಪಕ್ಕೆ ಹೋಗುವ ಕಲಾವಿದರು ತಮ್ಮ ನಾಟಕದ ಪ್ರತಿಗಿಂತ ಮೊದಲು ಕಾಗದ, ಪೆನ್ನು, ಒಬ್ಬ ಅನುವಾದಕನನ್ನು ಒಯ್ಯಲಿ. ಬರೆದದ್ದನ್ನು ಹೊರಗೆ ತರಲು ಅಧಿಕಾರಿಗಳು ಬಿಡುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.