ಜೇವರ್ಗಿಯ ಬಿಸಿಲು ಮತ್ತು ಟ್ರೇಲರಿನ ಸೌರಫಲಕ

ಭೀಮೆಯ ಆಚೀಚೆ ಹಬ್ಬಿರುವ ಜೇವರ್ಗಿ, ಅಫಜಲಪುರಗಳ ಕರಿನೆಲದಲ್ಲಿಯೂ ಅದಕ್ಕೆ ಹೊಂದಿಕೊಂಡ ಆಳಂದದ ಸೀಮೆಯಲ್ಲಿಯೂ ಬಿಸಿಲಿಗೆ ಎಂದೂ ಬರವಿಲ್ಲವಾದುದರಿಂದ, ಸೌರಫಲಕವೊಂದನ್ನು ತಂದು ವಾಹನದ ನೆತ್ತಿಗೆ ಕಟ್ಟಿದ ಮಾತ್ರಕ್ಕೆ ವಿದ್ಯುತ್ತು ತಾನಾಗಿ ಸುರಿಯುವುದೆಂಬ ವಿಶ್ವಾಸವು ಇಲ್ಲಿ ಸಹಜವಾಗಿಯೇ ಬೇರೂರಿದೆ. ಈ ವಿಶ್ವಾಸದಲ್ಲಿ ಅರ್ಧ ಸತ್ಯವುಂಟು. ಫಲಕಕ್ಕೆ ಬೇಕಾದುದು ಸೂರ್ಯನ ಬೆಳಕು. ಅವನ ಕಾವು ಬೆಳಕು ಕೊಟ್ಟುದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಸಿದುಕೊಳ್ಳುತ್ತದೆ. ಸಂಚಾರಿ ವಾಹನಗಳಿಗಾಗಿ ಫಲಕವನ್ನೂ ಚಾರ್ಜ್ ಕಂಟ್ರೋಲರನ್ನೂ ಆರಿಸುವ ಈಗಿನ ಪದ್ಧತಿಯು ಬಹುಮಟ್ಟಿಗೆ ಚಳಿದೇಶಗಳ ಕ್ಯಾರವಾನುಗಳ ಅನುಭವದಿಂದ ಬಂದುದಾಗಿ, ಈ ಕಸಿದುಕೊಳ್ಳುವಿಕೆಯನ್ನು ಸಾಕಷ್ಟು ಗಣನೆಗೆ ತಂದುಕೊಂಡಿಲ್ಲವೆಂಬುದೇ ನನ್ನ ಆಕ್ಷೇಪ.

ವಿಹಾರಕ್ಕೆಂದೇ ಕಟ್ಟಿದ ಕ್ಯಾರವಾನು ನಮ್ಮಲ್ಲಿ ವಿರಳ. ಟ್ರ್ಯಾಕ್ಟರಿನ ಹಿಂದಣ ಟ್ರೇಲರೇ ನಮ್ಮ ಸಂಚಾರಿ ಗೃಹ. ಹವಳಗಾ, ಭೂಸನೂರು, ಮಳ್ಳಿ-ನಾಗರಹಳ್ಳಿಗಳ ಸಕ್ಕರೆ ಕಾರ್ಖಾನೆಗಳು ನುರಿಸಲಾರಂಭಿಸಿದೊಡನೆ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದಿಂದ ಹೊಲಕ್ಕೆ ಸಾಗುತ್ತ, ತಾಡಪತ್ರಿಯ ಕೆಳಗೆ ತಿಂಗಳುಗಟ್ಟಲೆ ಸಂಸಾರ ನಡೆಸುತ್ತವೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರ ಬೆನ್ನಿಗೆ ನೀರು, ಬುತ್ತಿ, ಹಾಸಿಗೆಗಳನ್ನು ಹೊತ್ತ ವಾಹನಗಳಿರುತ್ತವೆ. ಇಂಥ ಬಿಡಾರದ ಬೇಡಿಕೆ ಅಲ್ಪವಾದುದು. 9 ವ್ಯಾಟಿನ ಮೂರು ದೀಪಗಳು ಐದು ತಾಸು, 20 ವ್ಯಾಟಿನ ಒಂದು ಡಿ.ಸಿ. ಫ್ಯಾನು ರಾತ್ರಿಯ ಎಂಟು ತಾಸು, ಜೊತೆಗೆ ಐದಾರು ಮೊಬೈಲುಗಳು ಎಂದು ಲೆಕ್ಕವಿಟ್ಟರೆ ದಿನಕ್ಕೆ 350 ವ್ಯಾಟ್-ಅವರ್‌ನ ಸುತ್ತಮುತ್ತ ಆಗುತ್ತದೆ. ಪೂರ್ಣಪ್ರಖರ ಬಿಸಿಲನ್ನು ದಿನಕ್ಕೆ ಐದು ತಾಸೆಂದು ಹಿಡಿದು, ಮೂರರಲ್ಲೊಂದು ಪಾಲು ಮಾರ್ಗಮಧ್ಯದಲ್ಲಿ ನಷ್ಟವಾಗುವುದೆಂದು ಬಿಟ್ಟುಕೊಟ್ಟರೂ, 100ರಿಂದ 150 ವ್ಯಾಟಿನ ಫಲಕವೊಂದು ಈ ಸಂಸಾರವನ್ನು ತೂಗಿಸಬಲ್ಲದು.

ವಾದವು ಹುಟ್ಟುವುದು ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು ಬ್ಯಾಟರಿ ತುಂಬುವುದನ್ನು ಹದದಲ್ಲಿಡುವ ಕಂಟ್ರೋಲರಿನ ವಿಷಯದಲ್ಲಿ. ಪಿ.ಡಬ್ಲ್ಯು.ಎಂ. ಎಂಬ ಅಗ್ಗದ ಬಗೆಯು ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ, ಫಲಕದ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ, ಎಂ.ಪಿ.ಪಿ.ಟಿ. ಎಂಬ ದುಬಾರಿ ಬಗೆಯು ಫಲಕದ ಅತ್ಯುತ್ತಮ ಬಿಂದುವನ್ನು ಅರಸಿ ಹಿಡಿದು, ಮಿಗಿಲಾದ ವೋಲ್ಟೇಜನ್ನು ಕರೆಂಟಾಗಿ ಪರಿವರ್ತಿಸುತ್ತದೆ. ಎರಡನೆಯದು ಶೇಕಡ 30ರಷ್ಟು ಹೆಚ್ಚು ಕೊಡುವುದೆಂದು ಮಾರುವವರು ಘೋಷಿಸುತ್ತಾರೆ. ತಂಪು ಹವೆಯಲ್ಲಿ ಈ ಮಾತು ಸುಳ್ಳಲ್ಲ: 36 ಕೋಶಗಳ 100 ವ್ಯಾಟಿನ ಫಲಕವು ಕಾರ್ಖಾನೆಯ ಪರೀಕ್ಷೆಯಲ್ಲಿ, ಅಂದರೆ ಕೋಶದ ಉಷ್ಣಾಂಶ 25 ಡಿಗ್ರಿಯಿರುವಾಗ, 18 ವೋಲ್ಟಿನಲ್ಲಿ ಪೂರ್ಣಬಲ ತೋರುತ್ತದೆ, ಬ್ಯಾಟರಿಯು 13 ವೋಲ್ಟಿನಲ್ಲಿದ್ದರೆ ನಡುವಣ 5 ವೋಲ್ಟು ಪಿ.ಡಬ್ಲ್ಯು.ಎಂ.ನಲ್ಲಿ ವ್ಯರ್ಥ. ಆದರೆ ವೈಶಾಖದ ಜೇವರ್ಗಿಯಲ್ಲಿ ನೆರಳಿನ ಹವೆಯೇ 42 ಡಿಗ್ರಿಗೆ ಏರಿರುವಾಗ ಬಿಸಿಲಲ್ಲಿ ಮಲಗಿರುವ ಕೋಶವು 65-70 ಡಿಗ್ರಿ ಮುಟ್ಟುತ್ತದೆ. ಡಿಗ್ರಿಯೊಂದಕ್ಕೆ ಶೇಕಡ 0.4ರಂತೆ ವೋಲ್ಟೇಜು ಕುಸಿದು 18 ಇದ್ದುದು 15ಕ್ಕೆ ಇಳಿಯುತ್ತದೆ. ತುಂಬುತ್ತಿರುವ ಬ್ಯಾಟರಿಯೇ 14 ವೋಲ್ಟು ದಾಟಿರುವ ಆ ಹೊತ್ತಿನಲ್ಲಿ ಪರಿವರ್ತಿಸಲು ಉಳಿದಿರುವುದಾದರೂ ಏನು? ದುಬಾರಿ ಯಂತ್ರವು ತನ್ನ ಸ್ವಂತದ ನಷ್ಟವನ್ನು ತುಂಬಿಕೊಳ್ಳುವಷ್ಟರಲ್ಲಿ ಅದರ ಪ್ರಯೋಜನ ಮುಗಿದಿರುತ್ತದೆ.

ಹೀಗೆಂದು ಎಂ.ಪಿ.ಪಿ.ಟಿ.ಯನ್ನು ತಿರಸ್ಕರಿಸಿದರೆ ಅನ್ಯಾಯವಾದೀತು. ಕಬ್ಬಿನ ಹಂಗಾಮು ಬೀಳುವುದು ಚಳಿಗಾಲದಲ್ಲಿ. ಆಗ ಅದು ಸುಮಾರು ಶೇಕಡ 15ರ ಲಾಭ ತಂದೀತು. ಇದಕ್ಕಿಂತ ಮುಖ್ಯವಾದ ಸಂದರ್ಭ ಇನ್ನೊಂದಿದೆ. ಮನೆಯ ಛಾವಣಿಗೆಂದು ತಯಾರಾಗುವ 72 ಕೋಶಗಳ 330 ವ್ಯಾಟಿನ ಫಲಕವು ವ್ಯಾಟಿನ ಲೆಕ್ಕದಲ್ಲಿ ಅಗ್ಗವೆಂದು ಅದನ್ನು ತಂದು, 12 ವೋಲ್ಟಿನ ಬ್ಯಾಟರಿಗೆ ಪಿ.ಡಬ್ಲ್ಯು.ಎಂ. ಮೂಲಕ ಕಟ್ಟುವವರುಂಟು. ಆ ಫಲಕದ ವೋಲ್ಟೇಜು 37ರ ಆಸುಪಾಸು, ಕರೆಂಟು 9 ಆಂಪಿಯರಿಗೆ ತುಸು ಕಡಿಮೆ. ಬ್ಯಾಟರಿಯ 13 ವೋಲ್ಟಿಗೆ ಎಳೆದಾಗ ಕೈಗೆ ಸಿಗುವುದು 115 ವ್ಯಾಟು ಮಾತ್ರ. ಅಂಥಲ್ಲಿ ಎಂ.ಪಿ.ಪಿ.ಟಿ. ಅನಿವಾರ್ಯ. ಆದ್ದರಿಂದ ಯಾವ ಕಂಟ್ರೋಲರು ಉತ್ತಮ ಎಂಬ ಪ್ರಶ್ನೆಯನ್ನು ಫಲಕವನ್ನು ಬಿಟ್ಟು ಕೇಳುವುದೇ ಅಸಂಗತ. (ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಅಂಗೈಗಿಂತ ಹಗುರಾದ ಡಬ್ಬಿಯ ಮೇಲೆ ಎಂ.ಪಿ.ಪಿ.ಟಿ. ಎಂದು ಅಚ್ಚೊತ್ತಿದ್ದರೆ ನಂಬಬಾರದು. ನಿಜವಾದುದರೊಳಗೆ ತಾಮ್ರದ ಸುರುಳಿಯಿರಬೇಕು, ಸುರುಳಿಗೆ ತೂಕವಿದೆ.)

ಈ ಎರಡು ಹೆಸರುಗಳ ಜಗಳದಲ್ಲಿ ಮರೆಯಾದ ಗುಣವೊಂದುಂಟು; ಈ ಸೀಮೆಗೆ ಅದೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಸೀಸ-ಆಮ್ಲದ ಬ್ಯಾಟರಿಯು ಬಿಸಿಯೇರಿದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ತುಂಬಬೇಕಾದುದು. 25 ಡಿಗ್ರಿಯಲ್ಲಿ 14.4 ವೋಲ್ಟು ಯುಕ್ತವಾದರೆ 45 ಡಿಗ್ರಿಯಲ್ಲಿ ಸುಮಾರು 14 ಸಾಕು. ಉಷ್ಣಾಂಶವನ್ನು ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳುವ ಸೆನ್ಸರು ಕಂಟ್ರೋಲರಿನಲ್ಲಿ ಇಲ್ಲವಾದರೆ, ಬ್ಯಾಟರಿಯು ಬೇಸಗೆಯುದ್ದಕ್ಕೂ ಅತಿಯಾಗಿ ಕುದಿದು, ನೀರು ಬತ್ತಿ, ಅಕಾಲದಲ್ಲಿ ಸಾಯುತ್ತದೆ. ಹಾಗೆಯೇ ಹೆಚ್ಚುಮಂದಿ ಕಂಟ್ರೋಲರನ್ನು ಟ್ರೇಲರಿನ ತಗಡಿನ ಪೆಟ್ಟಿಗೆಯೊಳಗೆ ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಇದು ಯಂತ್ರವನ್ನು ಒಲೆಯ ಮೇಲಿಟ್ಟು ದುಡಿಯೆಂದಂತೆ.

ಜೋಡಣೆಯಲ್ಲಿಯೂ ಕಾವೇ ನಿಯಾಮಕ. ಛಾವಣಿಗೆ ಅಂಟಿಸುವ ಬಾಗುವ ಫಲಕಗಳು ಹಗುರವೆಂದೂ ಅಂದವೆಂದೂ ಮೆಚ್ಚುಗೆ ಪಡೆದಿವೆಯಾದರೂ, ಬೆನ್ನಿಗೆ ಗಾಳಿಯಿಲ್ಲದೆ ಬೇಯುವ ಅವುಗಳ ಆಯುಸ್ಸು ಅಲ್ಪ. ಗಾಜಿನ ಫಲಕವನ್ನು ತಗಡಿನಿಂದ ಮೂರು ಬೆರಳಷ್ಟಾದರೂ ಎತ್ತರಿಸಿ ಕಟ್ಟುವುದು ಮೇಲು. ಜೇವರ್ಗಿಯ ಅಕ್ಷಾಂಶ 17 ಡಿಗ್ರಿಯಾದುದರಿಂದ ಮೇ ತಿಂಗಳ ಎರಡನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ನೇರ ನೆತ್ತಿಯ ಮೇಲಿದ್ದು ಮಲಗಿದ ಫಲಕಕ್ಕೂ ಕೊರತೆಯಿಲ್ಲ. ಡಿಸೆಂಬರಿನಲ್ಲಾದರೋ ಅವನು ನೆತ್ತಿಯಿಂದ 40 ಡಿಗ್ರಿ ದಕ್ಷಿಣಕ್ಕೆ ಜಾರಿರುತ್ತಾನೆ. ಆಗ ಮಲಗಿದ ಫಲಕವು ನಡುಹಗಲಿನ ನೇರಬೆಳಕಿನಲ್ಲಿ ಕಾಲುಭಾಗದಷ್ಟನ್ನು ಕಳೆದುಕೊಳ್ಳುವುದರಿಂದ, ಬಿಡಾರ ಹೂಡಿದ ಕೂಡಲೇ ಅದರ ಉತ್ತರದ ಅಂಚನ್ನು ಕೋಲಿನಿಂದ ಎತ್ತಿ ನಿಲ್ಲಿಸುವಂತೆ ಬಿಜಾಗರಿ ಹಾಕಿಸಿಕೊಳ್ಳಬೇಕು. ತೊಗರಿಯ ರಾಶಿಯ ಕಾಲದ ಧೂಳನ್ನು ಗಾಜು ತಣ್ಣಗಿರುವ ಮುಂಜಾನೆಯಲ್ಲಿ ಒರೆಸುವುದೂ ಅಗತ್ಯ.

ಇನ್ನು ತಂತಿ. ಐದು ಮೀಟರಿನ ದೂರಕ್ಕೆ 8 ಆಂಪಿಯರು ಹರಿಯುವಾಗ 1.5 ಚದರ ಮಿಲಿಮೀಟರಿನ ತಂತಿಯು ಹೋಗಿಬರುವಲ್ಲಿ ಸುಮಾರು ಒಂದು ವೋಲ್ಟನ್ನೇ ನುಂಗುತ್ತದೆ. 4 ಚದರ ಮಿಲಿಮೀಟರಿನದು ಅದರ ಅರ್ಧಕ್ಕಿಂತಲೂ ಕಡಿಮೆ. ಬೇಸಗೆಯಲ್ಲಿ ಫಲಕದ ಬಳಿ ಉಳಿದಿರುವುದೇ 15 ವೋಲ್ಟೆಂಬುದನ್ನು ನೆನೆದರೆ, ಆ ಒಂದು ವೋಲ್ಟಿನ ಬೆಲೆ ತಿಳಿದೀತು. ಬ್ಯಾಟರಿಯ ಬಾಯಿಯಲ್ಲಿ ಫ್ಯೂಜು ಇರಲೇಬೇಕು. ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನೂ ಆಮೇಲೆ ಫಲಕವನ್ನೂ ಜೋಡಿಸತಕ್ಕದ್ದು.

ಕಬ್ಬಿನ ಬಿಡಾರಕ್ಕಾಗಲಿ ಯಾತ್ರೆಯ ಟ್ರೇಲರಿಗಾಗಲಿ, 36 ಕೋಶಗಳ ಗಾಜಿನ ಫಲಕ, ಉಷ್ಣಾಂಶದ ಸೆನ್ಸರುಳ್ಳ ಒಳ್ಳೆಯ ಪಿ.ಡಬ್ಲ್ಯು.ಎಂ. ಕಂಟ್ರೋಲರು, ದಪ್ಪ ತಂತಿ, ಇಷ್ಟನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ಫಲಕವನ್ನು ಕೊಂಡವರು ಮಾತ್ರ ಎಂ.ಪಿ.ಪಿ.ಟಿ.ಗೆ ಹಣ ತೆರಲಿ. ಅಂಗಡಿಯಲ್ಲಿ ಹಣ ಎಣಿಸುವ ಮುನ್ನ ಫಲಕವನ್ನು ಮಗುಚಿ, ಅದರ ಬೆನ್ನಿನ ಚೀಟಿಯಲ್ಲಿ ವ್ಯಾಟಿನ ಜೊತೆಗೆ ವೋಲ್ಟೇಜನ್ನೂ ಓದಿಕೊಳ್ಳಿರಿ.