ಅಜ್ಜಿಗೆ ಹಲ್ಲು ಬಂದ ಫೋಟೋ

ನಮ್ಮ ಅಜ್ಜಿಗೆ ಕೊನೆಯ ಇಪ್ಪತ್ತು ವರ್ಷ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಾವ ಕಟ್ಟಿಸಿಕೊಟ್ಟ ಹಲ್ಲುಸೆಟ್ಟನ್ನು ಡಬ್ಬಿಯಲ್ಲಿ ಭದ್ರವಾಗಿಟ್ಟು, ಮದುವೆ ಮನೆಗೆ ಹೊರಟಾಗಲೂ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅಂಥ ಅಜ್ಜಿ, ತೀರಿಕೊಂಡು ಹತ್ತು ವರ್ಷ ದಾಟಿದ ಮೇಲೆ, ಮಡಿಕೇರಿಯ ಒಂದು ಸ್ಟುಡಿಯೋದ ಕಂಪ್ಯೂಟರಿನ ಪರದೆಯ ಮೇಲೆ ಸಾಲುಹಲ್ಲು ತೋರಿಸಿಕೊಂಡು ನಗುತ್ತಿದ್ದರು.

"ನೋಡಿ ಟೀಚರೇ, ಎಷ್ಟು ಕ್ಲಿಯರ್ ಆಗಿ ಬಂತು!" ಎಂದ ಹುಡುಗ. ಅವನು ನನ್ನ ಹಳೆಯ ವಿದ್ಯಾರ್ಥಿ. ಬೇಜಾರು ಮಾಡಲು ಮನಸ್ಸಾಗದೆ, "ಚೆನ್ನಾಗಿದೆ, ಆದರೆ ಇವರು ಯಾರಪ್ಪಾ?" ಎಂದು ಕೇಳಿದೆ.

ವಿಷಯ ಇಷ್ಟು. 2009ರ ಬೇಸಿಗೆ ರಜೆಯಲ್ಲಿ ಮದೆನಾಡು ಕಡೆಯ ನಮ್ಮ ಐನ್‌ಮನೆಯಲ್ಲಿ ಕುಟುಂಬದವರೆಲ್ಲ ಸೇರಿದ್ದೆವು. ಮನೆಯ ಮುಂದೆ ಮೂರು ಸಾಲಾಗಿ ನಲವತ್ತು ಜನ. ಅಣ್ಣನ ಮಗ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದ. ಎಲ್ಲರಿಗೂ ಕಳಿಸಬೇಕಲ್ಲ, ಆದ್ದರಿಂದ ಚಿತ್ರವನ್ನು ಚಿಕ್ಕದು ಮಾಡಿ ಇಂಟರ್‌ನೆಟ್ಟಿನ ಒಂದು ಉಚಿತ ಆಲ್ಬಮ್ಮಿಗೆ ಏರಿಸಿದ. ನನಗೆ ಇ-ಮೇಲಿನಲ್ಲೂ ಕಳಿಸಿದ. ಆಮೇಲೆ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿ ಕಾಲೇಜಿನ ಟೂರಿಗೆ ಹೋದ. 2011ರಲ್ಲಿ ಅಜ್ಜಿ ಹೋದರು. ಯಾವಾಗಲೋ ಆ ಉಚಿತ ಆಲ್ಬಮ್ಮೂ ಮುಚ್ಚಿತು. 2018ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ಐನ್‌ಮನೆ ಹೋಯಿತು. ಜನ ಮೊದಲೇ ಹೊರಬಂದಿದ್ದರು, ಅದೇ ಪುಣ್ಯ. ಗೋಡೆಯ ಮೇಲಿನ ಫೋಟೋಗಳು, ಪೆಟ್ಟಿಗೆಯ ಆಲ್ಬಮ್ಮುಗಳು ಮಣ್ಣಿನಡಿ ಸೇರಿದವು. ಕೊನೆಗೆ ಮನೆಯೂ ಅಜ್ಜಿಯೂ ಒಟ್ಟಿಗಿದ್ದ ಚಿತ್ರವೆಂದು ಉಳಿದದ್ದು ನನ್ನ ಇ-ಮೇಲಿನ ಆ ಚಿಕ್ಕದೊಂದೇ. ಅಣ್ಣ ಕಟ್ಟಿಸಿದ ಹೊಸ ಮನೆಯ ಗೋಡೆಗೆ ಅದನ್ನು ದೊಡ್ಡದು ಮಾಡಿಸಿ ಹಾಕೋಣವೆಂದು ಹೊರಟದ್ದು ನಾನೇ.

ಈಗ ಸ್ವಲ್ಪ ಲೆಕ್ಕ. ಗಾಬರಿ ಬೇಡ, ಏಳನೇ ತರಗತಿಯ ಗುಣಾಕಾರ ಅಷ್ಟೆ. ಡಿಜಿಟಲ್ ಫೋಟೋ ಎಂದರೆ ಚುಕ್ಕೆಗಳ ರಂಗೋಲಿ. ಆ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 3264, ಉದ್ದಕ್ಕೆ 2448 ಚುಕ್ಕೆ. ಒಟ್ಟು ಹತ್ತಿರ ಹತ್ತಿರ 80 ಲಕ್ಷ. ನಮ್ಮ ಹುಡುಗ ಕಳಿಸಿದ್ದು 640ಕ್ಕೆ 480, ಅಂದರೆ 3,07,200. ಇಪ್ಪತ್ತಾರು ಚುಕ್ಕೆ ಇದ್ದಲ್ಲಿ ಒಂದು ಉಳಿಯಿತು. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕೆನ್ನುತ್ತಾರೆ. ಹಾಗೆ ನೋಡಿದರೆ ನಮ್ಮ ಐನ್‌ಮನೆಯ ಅಗಲ ಎರಡು ಇಂಚು ಚಿಲ್ಲರೆ. ಅಜ್ಜಿಯ ಮುಖವನ್ನು ಪರದೆಯಲ್ಲಿ ಹಿಗ್ಗಿಸಿ ಎಣಿಸಿದೆವು. ಅಡ್ಡಕ್ಕೆ 12, ಉದ್ದಕ್ಕೆ 15. ತೊಂಬತ್ತು ವರ್ಷ ಬದುಕಿದ ಹೆಂಗಸು, 180 ಚುಕ್ಕೆ.

ಹುಡುಗನನ್ನು ಬೈಯುವ ಹಾಗೂ ಇಲ್ಲ. ಮಳೆಗಾಲದಲ್ಲಿ ಮಡಿಕೇರಿಯ ಸೈಬರ್ ಕೆಫೆಯಲ್ಲಿ ಕೂತು ಒಂದು ದೊಡ್ಡ ಫೋಟೋ ಕಳಿಸಿ ನೋಡಿದವರಿಗೆ ಗೊತ್ತು, ಅರ್ಧ ಹೋಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಚಿಕ್ಕದು ಮಾಡುವುದು ಆಗ ಜಾಣತನವೇ. ತಪ್ಪಾದದ್ದು ಮೂಲವನ್ನು ಅಳಿಸಿದ್ದರಲ್ಲಿ. ನಕಲು ತೆಗೆದ ಮೇಲೆ ಆಸ್ತಿಪತ್ರವನ್ನು ಒಲೆಗೆ ಹಾಕುವವರುಂಟೇ? ನಾವು ಹಾಕಿದೆವು.

ಸ್ಟುಡಿಯೋ ಹುಡುಗ ಮಾಡಿದ್ದು ಇನ್ನೊಂದು ಬಗೆ. ಈಗಿನ ಯಂತ್ರಗಳು ಇಲ್ಲದ ಚುಕ್ಕೆಗಳನ್ನು ತಾವೇ ತುಂಬುತ್ತವೆ. ಲಕ್ಷಗಟ್ಟಲೆ ಮುಖಗಳನ್ನು ನೋಡಿ ಕಲಿತದ್ದರಿಂದ, ಬಾಯಿ ಇರುವಲ್ಲಿ ಹಲ್ಲು ಇರಬೇಕೆಂದು ಊಹಿಸುತ್ತವೆ. ಊಹೆ ಎಷ್ಟು ನುಣುಪಾಗಿತ್ತೆಂದರೆ ಒಂದು ಕ್ಷಣ ನನಗೂ ಖುಷಿಯಾಯಿತು. ಅಜ್ಜಿಯ ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ ಯಾವುದೋ ಸಿನಿಮಾ ತಾಯಿಯ ಕಣ್ಣು ಬಂದಿತ್ತು. ಹಿಂದಿನ ಕಂಬದ ಕೆತ್ತನೆ ಮಾತ್ರ ಸಾಬೂನು ತಿಕ್ಕಿದ ಹಾಗೆ ಬೋಳು. ಇದನ್ನು ಗೋಡೆಗೆ ಹಾಕಿದರೆ ನಮ್ಮ ಮೊಮ್ಮಕ್ಕಳು ಇವರನ್ನೇ ಅಜ್ಜಿ ಎಂದು ನಂಬುತ್ತಾರೆ. ಮಸುಕು ಚಿತ್ರ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತದೆ, ಇದು ಒಪ್ಪಿಕೊಳ್ಳುವುದಿಲ್ಲ. ಬೇಡವೆಂದೆ. ಹುಡುಗ ದುಡ್ಡೂ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಕೈಗೆ ಬಂದ ಫೋಟೋಗಳನ್ನು ವಿಮರ್ಶಕಿಯ ಕಣ್ಣಿನಿಂದ ನೋಡುವ ಚಟ ಹತ್ತಿದೆ. ನನಗನಿಸಿದ ಒಂದು ಮಾತು: ಚಿತ್ರ ಚಿಕ್ಕದಾಗುತ್ತದೆಂದು ಗೊತ್ತಾದ ಮೇಲೆ ನಾವು ಚಿತ್ರ ತೆಗೆಯುವ ರೀತಿಯೇ ಬದಲಾಗಿದೆ. ಅಂಗೈಯಗಲದ ಪರದೆಯಲ್ಲಿ ಕಾಣಬೇಕಾದ್ದು ಮುಖ, ಆದ್ದರಿಂದ ಮುಖವೇ ತುಂಬಿರುತ್ತದೆ. ಹಿಂದಿನ ಜಗಲಿ, ಕಿಟಕಿಯ ಸರಳು, ಬಾಗಿಲ ಬಳಿ ಸೆರಗಿಗೆ ಕೈ ಒರೆಸುತ್ತ ನಿಂತ ಅತ್ತಿಗೆ, ಇವರೆಲ್ಲ ಚೌಕಟ್ಟಿನಿಂದ ಹೊರಗೆ. ಹಳೆಯ ಗುಂಪು ಫೋಟೋಗಳಲ್ಲಿ ಬೇಡವೆಂದರೂ ಬಂದು ಬೀಳುತ್ತಿದ್ದ ಇಂಥವೇ ಇವತ್ತು ನಮಗೆ ಬೇಕಾಗಿರುವುದು. ಅಜ್ಜಿಯ ಮುಖ ನೆನಪಿನಲ್ಲಾದರೂ ಇದೆ. ಕಂಬದ ಕೆತ್ತನೆಯಲ್ಲಿ ಇದ್ದದ್ದು ಬಳ್ಳಿಯೋ ಹಕ್ಕಿಯೋ ಎಂದು ನಾವು ಅಣ್ಣತಂಗಿ ಇನ್ನೂ ಜಗಳಾಡುತ್ತೇವೆ.

ಎರಡನೆಯದು, ಹೆಸರಿನ ವಿಷಯ. ನಮ್ಮ ಊರಿನವರ ವಾಟ್ಸ್‌ಆಪಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಗೌರಮ್ಮನ ಚಿತ್ರ ಬರುತ್ತದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1852ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನವಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಿದ್ದಳು. ಅದೇ ವರ್ಷ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಅವಳನ್ನು ಚಿತ್ರಿಸಿದ. ಆ ಚಿತ್ರ ಈಗಲೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ನಮಗೆ ಬರುವುದು ಅದರ ಅಂಚೆಚೀಟಿಯಂಥ ನಕಲು. ಕೈಯಿಂದ ಕೈಗೆ ಹೋಗಿ ಸವೆದು, ಸೀರೆಯ ಬಣ್ಣವೆಲ್ಲ ಚೌಕಚೌಕವಾಗಿ ಒಡೆದಿರುತ್ತದೆ. ಚೌಕಗಳಿಗೂ ಕಾರಣವಿದೆ. 1992ರಲ್ಲಿ ಪ್ರಮಾಣಗೊಂಡ ಜೆಪೆಗ್ ಎಂಬ ಪದ್ಧತಿ ಚಿತ್ರವನ್ನು ಎಂಟಕ್ಕೆ ಎಂಟರ ಮನೆಗಳಾಗಿ ಕತ್ತರಿಸಿ, ಪ್ರತಿ ಮನೆಯಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ್ದನ್ನು ಬಿಟ್ಟುಬಿಡುತ್ತದೆ. ಮತ್ತೆ ಮತ್ತೆ ಕುಗ್ಗಿಸಿ ಉಳಿಸಿದರೆ ಮತ್ತಷ್ಟು ಬಿಡುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು, ಬರೆದವನ ಹೆಸರಿಲ್ಲ, ವರ್ಷವಿಲ್ಲ, ಎಷ್ಟೋ ಸಲ ಅವಳ ಹೆಸರೂ ಇಲ್ಲ. 'ನಮ್ಮ ಹೆಮ್ಮೆ' ಎಂದಿರುತ್ತದೆ. ಹನ್ನೊಂದರ ಆಸುಪಾಸಿನ, ಪರದೇಶದ ಊರಿನಲ್ಲಿ ಕೂತ ಹುಡುಗಿಯ ಮುಖ ಹೆಮ್ಮೆಯದೋ ಅಲ್ಲವೋ ಎಂದು ನೋಡುವುದಕ್ಕೆ ಆ ನಕಲಿನಲ್ಲಿ ಜಾಗವೇ ಇಲ್ಲ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ, 'ಪಟ್ಟೋಲೆ ಪಳಮೆ'ಯನ್ನು 2003ರಲ್ಲಿ ಇಂಗ್ಲಿಷಿಗೆ ತಂದವರು, ಕೊಡಗಿನ ಊರೂರು ಸುತ್ತಿ ಐನ್‌ಮನೆಗಳ ವಿವರ, ಫೋಟೋಗಳನ್ನು ಕೂಡಿಸಿದರು. ಪುಸ್ತಕವಾಗಿಯೂ ಬಂತು. ಪರದೆಯಲ್ಲಿ ಆ ಚಿತ್ರಗಳೂ ಚಿಕ್ಕವೇ. ಆದರೆ ಯಾವ ಮನೆತನ, ಯಾವ ಊರು ಎಂಬುದು ಜೊತೆಗಿರುವುದರಿಂದ ಚಿಕ್ಕದೂ ಮಾತಾಡುತ್ತದೆ. ವಿಕಿಮೀಡಿಯಾ ಕಾಮನ್ಸ್ ಎಂಬುದೊಂದಿದೆ, 2004ರಿಂದ. ಅಲ್ಲಿ ನೀವು ಕೊಟ್ಟ ಅಳತೆಯ ಮೂಲವನ್ನೇ ಇಟ್ಟುಕೊಂಡು, ಬೇಕಾದಾಗ ಅದರಿಂದ ಚಿಕ್ಕದು ಮಾಡಿ ತೋರಿಸುತ್ತಾರೆ. ತೆಗೆದವರ ಹೆಸರು, ದಿನಾಂಕ ಬರೆಯಲು ಜಾಗವಿದೆ. ಹಳೆಯ ಮನೆ, ದೇವಸ್ಥಾನ, ಊರ ಹಬ್ಬದ ಫೋಟೋಗಳಿಗೆ ಇದು ಒಳ್ಳೆಯ ಜಾಗ. ಹೆಣ್ಣುಮಕ್ಕಳ ಫೋಟೋ, ಮನೆಯೊಳಗಿನ ಫೋಟೋ ಅಲ್ಲಿಗೆ ಬೇಡ. ಅಲ್ಲಿಟ್ಟದ್ದನ್ನು ಯಾರು ಬೇಕಾದರೂ ಬಳಸಬಹುದು.

ಉಳಿದಂತೆ ಉಚಿತ ಜಾಗಗಳೆಲ್ಲ ಇನ್ನೊಬ್ಬರ ಗೋಡೆಯ ಮೊಳೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಫೋಟೋಬಕೆಟ್ 2017ರಲ್ಲಿ, ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಕಡೆ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಎಂದಿತು; ಲೋಕದ ಎಷ್ಟೋ ಬರಹಗಳಲ್ಲಿ ಚಿತ್ರವಿದ್ದ ಜಾಗ ರಾತ್ರಿ ಬೆಳಗಾಗುವುದರೊಳಗೆ ಖಾಲಿಯಾಯಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿ ಹಾಕಿತು. ಮನೆ ಅವರದು, ಬಾಡಿಗೆ ಕೇಳಿದರೆ ನಾವು ಮುನಿಸಿಕೊಂಡು ಫಲವಿಲ್ಲ.

ಅಣ್ಣನ ಮಗ ಈಗ ಹುಷಾರಾಗಿದ್ದಾನೆ. ದೊಡ್ಡದನ್ನು ಹಾಗೇ ಇಟ್ಟು, ಬೇರೆ ಹೆಸರಿನಲ್ಲಿ ಚಿಕ್ಕದು ಮಾಡುತ್ತಾನೆ. ಮೂಲವನ್ನು ಎರಡು ಡಿಸ್ಕಿಗೆ ತುಂಬಿ ಒಂದನ್ನು ನನ್ನ ಬೀರುವಿನಲ್ಲಿ ಇಟ್ಟಿದ್ದಾನೆ. ವಾಟ್ಸ್‌ಆಪಿನಲ್ಲಿ ಕಳಿಸುವಾಗ "ಅತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಕುಗ್ಗುತ್ತದೆ" ಎಂದು ನನಗೇ ಪಾಠ ಹೇಳುತ್ತಾನೆ.

ಹೋದ ತಿಂಗಳು ಸುಳ್ಯದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಅವರ ಮದುವೆಯ ಕಪ್ಪುಬಿಳುಪು ಫೋಟೋ. ಸ್ಟುಡಿಯೋದವರು ತಂದ ದೊಡ್ಡ ಕ್ಯಾಮೆರಾದ್ದು, ರಟ್ಟಿಗೆ ಅಂಟಿಸಿದ್ದು. ಐನ್‌ಮನೆಯ ಜಗಲಿ, ಕಂಬ, ಅಜ್ಜಿ. ಅಜ್ಜಿಗೆ ಆಗ ಹಲ್ಲಿದ್ದವು, ಆದರೆ ಬಾಯಿ ಬಿಗಿದುಕೊಂಡಿದ್ದಾರೆ. ಕಂಬದಲ್ಲಿರುವುದು ಬಳ್ಳಿ. ಮದುವೆಯಾಗಿ ಹೋಗುವಾಗ ಹಟ ಹಿಡಿದು ಒಂದು ಪ್ರತಿ ಹೊತ್ತೊಯ್ದದ್ದಕ್ಕೆ ಅಜ್ಜ ಬೈದಿದ್ದರಂತೆ.

ನಾನು ಆ 2009ರ ಫೋಟೋವನ್ನು ಪೋಸ್ಟ್‌ಕಾರ್ಡಿನಷ್ಟೇ ಮಾಡಿಸಿದೆ, ಮಸುಕು ಮಸುಕಾಗಿಯೇ. ಹಿಂದೆ ಪೆನ್ಸಿಲಿನಲ್ಲಿ ಸಾಲುಸಾಲಾಗಿ ಹೆಸರು ಬರೆದೆ. ಮೂವತ್ತೆಂಟು ಆದವು. ಮೂರನೇ ಸಾಲಿನ ಎಡತುದಿಯ ಇಬ್ಬರು ಯಾರೆಂದು ಗೊತ್ತಾಗಲಿಲ್ಲ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಅಡುಗೆಗೆ ಸಹಾಯಕ್ಕೆ ಬಂದ ಹುಡುಗಿಯರಿರಬೇಕು ಎಂದರು. ಆ ಜಾಗವನ್ನು ಬಿಟ್ಟಿದ್ದೇನೆ.