ರೋಣ, ದ್ರೋಣ, ದೊನ್ನೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ರೋಣದ ಹೆಸರು ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ಸಿದ್ಧ ಇರತದ: ‘ದ್ರೋಣಾಚಾರ್ಯರಿಂದ. ಮೂಲ ದ್ರೋಣಪುರ, ಜನರ ಬಾಯಲ್ಲಿ ಕೆಟ್ಟು ರೋಣ ಆಯ್ತು.’ ನನ್ನ ತಕರಾರು ಇರುವುದು ಆ ‘ಕೆಟ್ಟು’ ಎಂಬ ಮಾತಿನ ಮೇಲೆ.

ಮೊದಲೇ ಒಂದು ಎಚ್ಚರ. ಎರಡು ಮಾತು ಒಂದೇ ಥರ ಕೇಳಿಸಿದ ಮಾತ್ರಕ್ಕೆ ಬಳಗ ಆಗೋದಿಲ್ಲ. ಗಜೇಂದ್ರಗಡದ ‘ಗಡ’ ಮರಾಠಿಯಲ್ಲಿ ಕೋಟೆ. ಹಳಗನ್ನಡ ಕಾವ್ಯದಲ್ಲಿ ‘ಗಡ’ ಅಂದರೆ ‘ಅಂತೆ’, ‘ಅಲ್ಲವೇ’. ರೂಪ ಒಂದೇ, ಬೇರು ಬೇರೆ. ಮೈಸೂರು ಸೀಮೆಯಲ್ಲಿ ಕಣದಾಗ ತೆನೆ ತುಳಿಸುವ ಉರುಳುಗಲ್ಲಿಗೆ ‘ರೋಣಗಲ್ಲು’ ಅಂತಾರೆ. ನಮ್ಮ ರೋಣ ಆ ಕಲ್ಲಿನಿಂದ ಹುಟ್ಟಿತು ಅಂತ ನಾನು ಸಾರಿದರೆ ಅದೂ ಇನ್ನೊಂದು ಪುರಾಣ.

ನಮ್ಮ ಮನೆತನದಲ್ಲಿ ನಿಘಂಟು ಮುಟ್ಟಿದ ಮೊದಲಿಗ ನಾನು. ಮುಟ್ಟಿದ್ದರಿಂದ ಮಾತಿಗೇನೂ ಮೈಲಿಗೆ ಆಗಲಿಲ್ಲ. ಅಲ್ಲಿ ದ್ರೋಣ ಎಂದರೆ ಮರದ ಪಾತ್ರೆ, ತೊಟ್ಟಿ. ಕಾಳಿನ ಅಳತೆಯೂ ಹೌದು: 4 ಆಢಕಕ್ಕೆ 1 ದ್ರೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 400 ಹಳ್ಳಿಗಳ ನಡುವಿನ ಆಡಳಿತದ ಊರಿಗೆ ‘ದ್ರೋಣಮುಖ’ ಎಂಬ ಹೆಸರಿದೆ; ಕನ್ನಡ ಶಾಸನಗಳಲ್ಲೂ ಆ ಮಾತು ಬರುತ್ತದೆ. ಮರಾಠಿಯಲ್ಲಿ ಇವತ್ತಿಗೂ ಎಲೆಯ ಬಟ್ಟಲು ‘ದ್ರೋಣ’. ಹಿಂದಿಯಲ್ಲಿ ‘ದೋನಾ’. ನಮ್ಮಲ್ಲಿ ‘ದೊನ್ನೆ’. ಇನ್ನು ‘ದೋಣಿ’, ಸಂಸ್ಕೃತದ ‘ದ್ರೋಣಿ’ಯ ಮಗಳೋ, ತಮಿಳಿನ ‘ತೋಣಿ’ಯ ಒಡಹುಟ್ಟೋ ಎಂಬ ಜಗಳ ಪಂಡಿತರಲ್ಲಿದೆ.

ಹಾಗಾದರೆ ಆಚಾರ್ಯನಿಗೆ ಆ ಹೆಸರು ಹೇಗೆ ಬಂತು? ಮಹಾಭಾರತದ ಆದಿಪರ್ವವೇ ಹೇಳುತ್ತದೆ: ಭರದ್ವಾಜನ ವೀರ್ಯವನ್ನಿಟ್ಟ ದ್ರೋಣವೆಂಬ ಪಾತ್ರೆಯಲ್ಲಿ ಹುಟ್ಟಿದ್ದರಿಂದ. ಪಾತ್ರೆ ಮುಂಚೆ, ಗುರು ಆಮೇಲೆ. ಊರು ದ್ರೋಣಪುರವೇ ಆಗಿತ್ತು ಅಂತ ಒಪ್ಪೋಣ. ಆ ದ್ರೋಣ ಗುರುವೇ ಯಾಕಾಗಬೇಕು? ಕಾಳು ಅಳೆಯುವ ಪಾತ್ರೆ ಯಾಕಾಗಬಾರದು? ಆಚಾರ್ಯ ಇಲ್ಲಿಗೆ ಬಂದಿದ್ದ ಗಡ!

ವ್ಯಾಕರಣದ ಕತೆಯೂ ನೋಡಿ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ, ಸಂಸ್ಕೃತದಿಂದ ಬಂದು ಬದಲಾದ ಮಾತುಗಳ ಪ್ರಕರಣಕ್ಕೆ ‘ಅಪಭ್ರಂಶ’ ಎಂದು ಹೆಸರು. ಅಪಭ್ರಂಶ ಅಂದರೆ ಜಾರಿ ಬಿದ್ದದ್ದು. ಮಡಿ ನಾಲಗೆಯ ಮಾತು ಮೇಲೆ, ದುಡಿಯುವ ನಾಲಗೆಯ ಮಾತು ಕೆಳಗೆ. ಇದು ಭಾಷೆಗೆ ಹಚ್ಚಿದ ಜಾತಿ. ಆದರೆ ಅದೇ ಕೇಶಿರಾಜ ಆ ಬದಲಾವಣೆಗೆ ಸೂತ್ರ ಕಟ್ಟಿದ. ಸೂತ್ರಕ್ಕೆ ಸಿಗುವಂಥದ್ದು ಕೆಡುವುದು ಹೇಗಾಗುತ್ತದೆ? ಅದು ನಿಯಮದಂತೆ ನಡೆಯುವುದು. ಅವನಿಟ್ಟ ಹೆಸರನ್ನು ಅವನ ಕೆಲಸವೇ ಸುಳ್ಳು ಮಾಡಿದೆ.

ಹಳ್ಳಿಯ ಮಾಸ್ತರರಲ್ಲಿ ಒಂದು ಕೇಳಿಕೆ. ಕೇರಿಯ ಹುಡುಗನ ಬಾಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೆ ‘ನಾಲಗೆ ಹೊರಳೋದಿಲ್ಲೇನೋ’ ಅನ್ನಬೇಡಿ. ‘ದ್ರೋಣ’ವನ್ನು ‘ದೊನ್ನೆ’ ಮಾಡಿಕೊಂಡದ್ದು ಅಂಥ ನಾಲಗೆಗಳೇ. ಊರಿನ ಹೆಸರಿಗೆ ದ್ರೋಣನ ಕತೆ ಹೇಳಲೇಬೇಕು ಅಂದರೆ, ಬೇಡರ ಹುಡುಗ ಏಕಲವ್ಯನಿಂದ ಅವನು ಬಲಗೈ ಹೆಬ್ಬೆರಳು ಕೇಳಿದ್ದನ್ನೂ ಕೂಡಿಸಿಯೇ ಹೇಳಿ. ಮುತ್ತುಗದೆಲೆ ಮಡಚಿ, ಕಡ್ಡಿ ಚುಚ್ಚಿ ದೊನ್ನೆ ಮಾಡುವುದಕ್ಕೂ ಹೆಬ್ಬೆರಳು ಬೇಕು.